ಕೈತೋಟ ಸಂಘದ ಕಾರ್ಯಕ್ರಮಗಳು: ಲಕ್ಷಣ ಮತ್ತು ವರ್ಗೀಕರಣ

ಗಿಡಮರಗಳನ್ನು ವಿಂಗಡಿಸಿದ ಪಂಡಿತರಿಗೆ ಲೋಕದಲ್ಲಿ ಬರವಿಲ್ಲ. ಮನುಸ್ಮೃತಿಯ ಮೊದಲ ಅಧ್ಯಾಯ ನೆಲ ಸೀಳಿ ಹುಟ್ಟುವ ಸಕಲವನ್ನೂ ಉದ್ಭಿಜ್ಜವೆಂದು ಒಂದೆಡೆ ಗುಡ್ಡೆ ಹಾಕಿ, ಹಣ್ಣಾದ ಮೇಲೆ ಸಾಯುವುದು ಓಷಧಿ, ಹೂ ಬಿಡದೆ ಹಣ್ಣಾಗುವುದು ವನಸ್ಪತಿ, ಹೂವೂ ಹಣ್ಣೂ ಬಿಡುವುದು ವೃಕ್ಷ, ಹಬ್ಬುವುದು ವಲ್ಲಿ ಎಂದು ಪಾಲು ಮಾಡಿದೆ. ಸ್ವೀಡನ್ನಿನ ಲಿನೇಯಸ್ 1735ರಲ್ಲಿ ಹೂವಿನ ಕೇಸರಗಳನ್ನು ಎಣಿಸಿ ಸಸ್ಯಲೋಕವನ್ನು 24 ವರ್ಗಗಳಿಗೆ ಹಂಚಿದ. ವಾತ್ಸ್ಯಾಯನನಂತೂ ವೃಕ್ಷಾಯುರ್ವೇದವನ್ನು 64 ಕಲೆಗಳ ಪಟ್ಟಿಗೆ ಸೇರಿಸಿ, ಗಿಡ ಸಾಕುವುದಕ್ಕೂ ರಸಿಕತೆಗೂ ನಂಟು ಕಲ್ಪಿಸಿಬಿಟ್ಟ. ಇಷ್ಟೆಲ್ಲ ಆದರೂ ಗಿಡ ಸಾಕುವ ಜನ ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಸೇರಿ ನಡೆಸುವ ಕಾರ್ಯಕ್ರಮಗಳಿಗೆ ಲಕ್ಷಣ ಹೇಳುವ ಉಸಾಬರಿಗೆ ಯಾವ ಆಚಾರ್ಯನೂ ಹೋಗಿಲ್ಲ. ಆ ಕೊರತೆಯನ್ನು ನೀಗಿಸುವುದೇ ಈ ಪ್ರಬಂಧದ ಪ್ರಯೋಜನ. ಅಧಿಕಾರಿ ಯಾರೆಂದರೆ, ಮನೆಯಲ್ಲಿ ಒಂದಾದರೂ ಒಡಕು ಬಕೆಟ್ಟಿಗೆ ಮಣ್ಣು ತುಂಬಿ ಪುದೀನ ಚುಚ್ಚಿರುವವರು.

ಶಾಸ್ತ್ರವೆಂದ ಮೇಲೆ ಒಂದು ವ್ಯಾವರ್ತಕ ಲಕ್ಷಣ ಬೇಕು. ಆಹ್ವಾನ ಪತ್ರಿಕೆಯಲ್ಲಿರುವ ಹೆಸರನ್ನೇ ಹಿಡಿದು ವಿಂಗಡಿಸಬಹುದಲ್ಲ ಎಂಬುದು ಪೂರ್ವಪಕ್ಷ. ಆಗದು. ‘ಕಾರ್ಯಾಗಾರ’ ಎಂದು ಅಚ್ಚಾದದ್ದು ಭಾಷಣವಾಗಿರುತ್ತದೆ. ‘ಅಧ್ಯಯನ ಪ್ರವಾಸ’ ಎಂದದ್ದು ದೇವರ ದರ್ಶನವಾಗಿರುತ್ತದೆ. ಬಂದವರ ತಲೆಯೆಣಿಕೆಯೂ ಪ್ರಮಾಣವಲ್ಲ, ಏಕೆಂದರೆ ಅದು ತಿಂಡಿಗೆ ಉಪ್ಪಿಟ್ಟೋ ಮಸಾಲೆ ದೋಸೆಯೋ ಎಂಬುದನ್ನು ಅನುಸರಿಸಿ ಏರಿಳಿಯುತ್ತದೆ. ಆದ್ದರಿಂದ ಇಲ್ಲಿ ಒಂದೇ ಲಕ್ಷಣವನ್ನು ಪ್ರಮಾಣವೆಂದು ಹಿಡಿದಿದ್ದೇವೆ: ಕಾರ್ಯಕ್ರಮ ಮುಗಿಸಿ ಮನೆಗೆ ಹೊರಟ ಸದಸ್ಯರ ಕೈಚೀಲದಲ್ಲಿ ಏನಿದೆ? ಉಳಿದದ್ದೆಲ್ಲ ವಂದನಾರ್ಪಣೆ.

ನಾವು ಪರಿಶೀಲಿಸಿದ ಮಾದರಿಗಳು ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳಲ್ಲಿ ದೊರೆತವು. 30-40 ಸೈಟಿನ ಮನೆ, ಗೋಡೆಗೂ ಕಾಂಪೌಂಡಿಗೂ ನಡುವೆ ಮೂರಡಿ ಸಂದು, ಸಿಂಟೆಕ್ಸ್ ಟ್ಯಾಂಕೂ ಸೋಲಾರೂ ಬಿಟ್ಟುಕೊಟ್ಟಷ್ಟು ತಾರಸಿ. ಹೂಗಿಡದವರು ಸಂಘ ಕಟ್ಟುವುದು ಈ ಊರಿಗೆ ಹೊಸದೇನಲ್ಲ. ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಜರ್ಮನ್ ತೋಟಗಾರ ಕ್ರುಂಬಿಗಲ್ 1912ರಲ್ಲೇ ಮೈಸೂರು ಉದ್ಯಾನ ಕಲಾ ಸಂಘವನ್ನು ಹುಟ್ಟುಹಾಕಿದ್ದರು. ಅದು ಬಂಗಲೆ, ಮಾಲಿ, ಗುಲಾಬಿ ಮಡಿಗಳ ಕಾಲ. ಈಗಿನ ತಳಿ ಬೇರೆ. ಕೀಟಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಬಿ.ಎನ್. ವಿಶ್ವನಾಥ್ ತಾರಸಿಯ ಮೇಲೆ ತರಕಾರಿ ಬೆಳೆಯುವುದನ್ನು ಊರಿನವರಿಗೆ ಪಟ್ಟುಹಿಡಿದು ಕಲಿಸಿದ ಮೇಲೆ, 2011ರಲ್ಲಿ ‘ಊಟ ಫ್ರಮ್ ಯುವರ್ ತೋಟ’ ಎಂಬ ಸಂತೆ ಶುರುವಾದ ಮೇಲೆ, ಗುಲಾಬಿಯ ಪಾಟಿನಲ್ಲಿ ಬದನೆ ಕೂತಿತು. ಅಧ್ಯಕ್ಷತೆ ನಿವೃತ್ತ ಇಂಜಿನಿಯರುಗಳಿಂದ ಗೃಹಿಣಿಯರ ಕೈಗೆ ಬಂತು. ಖಜಾಂಚಿ ಮಾತ್ರ ಇಂದಿಗೂ ನಿವೃತ್ತ ಬ್ಯಾಂಕಿನವರೇ.

ಮೊದಲನೆಯದು ಓಷಧಿ ವರ್ಗ. ಫಲ ಕಂಡೊಡನೆ ಸಾಯುವುದು ಇದರ ಸ್ವಭಾವ. ಉಪನ್ಯಾಸ, ಪ್ರಾತ್ಯಕ್ಷಿಕೆ, ತರಬೇತಿ ಇವೆಲ್ಲ ಇದರ ಒಳಗೇ. ಹಸಿ ಕಸದಿಂದ ಗೊಬ್ಬರ ಮಾಡುವುದು ಹೇಗೆಂಬ ಪ್ರಾತ್ಯಕ್ಷಿಕೆ ಈ ವರ್ಗದ ಅತಿ ಸಾಮಾನ್ಯ ಪ್ರಭೇದ. ಪ್ರತಿ ವರ್ಷವೂ ಮೊಳೆಯುತ್ತದೆ, ಅದೇ ಜನ ಅದೇ ಆಸಕ್ತಿಯಿಂದ ಕೇಳುತ್ತಾರೆ, ಅದೇ ಡಬ್ಬಿಯಲ್ಲಿ ಅದೇ ಹುಳ ಬೀಳುತ್ತದೆ.

ಇದರಲ್ಲಿ ಅತ್ಯಂತ ರಸವತ್ತಾದದ್ದು ಜೀವಾಮೃತದ ಪ್ರಾತ್ಯಕ್ಷಿಕೆ. ಹಳ್ಳಿಯಿಂದ ಕರೆತಂದ ಸಾವಯವ ಕೃಷಿಕರು ವೇದಿಕೆಯ ಮೇಲೆ ನೀಲಿ ಡ್ರಮ್ಮಿನ ಪಕ್ಕ ನಿಂತು ಲೆಕ್ಕ ಕೊಡುತ್ತಾರೆ: ಒಂದು ಎಕರೆಗೆ ನಾಟಿ ಹಸುವಿನ ಸಗಣಿ 10 ಕೆ.ಜಿ., ಗಂಜಲ 10 ಲೀಟರ್, ಬೆಲ್ಲ 2 ಕೆ.ಜಿ., ದ್ವಿದಳ ಧಾನ್ಯದ ಹಿಟ್ಟು 2 ಕೆ.ಜಿ., ಬದುವಿನ ಮಣ್ಣು ಒಂದು ಹಿಡಿ, ನೀರು 200 ಲೀಟರ್. ಸಭೆ ಬರೆದುಕೊಳ್ಳುತ್ತದೆ. ಆಮೇಲೆ ಖಜಾಂಚಿಗಳು ಎದ್ದು ನಿಲ್ಲುತ್ತಾರೆ. ಎಕರೆಗೆ 43,560 ಚದರಡಿ, ನಮ್ಮದು 1,200. ಅಂದರೆ 36ರಲ್ಲಿ ಒಂದು ಪಾಲು. ಹಾಗಾದರೆ ಸಗಣಿ ಸುಮಾರು 275 ಗ್ರಾಂ, ಬೆಲ್ಲ 55 ಗ್ರಾಂ, ನೀರು ಐದೂವರೆ ಲೀಟರ್. ಅದರಲ್ಲೂ ಮನೆ ನಿಂತಿರುವ ಜಾಗಕ್ಕೆ ಜೀವಾಮೃತ ಯಾಕೆ, ಅದನ್ನು ಕಳೆಯಬೇಡವೇ? ಮಣ್ಣಿರುವುದು ಬರೀ ಚೀಲಗಳಲ್ಲಿ. ಕಳೆದೂ ಕಳೆದೂ ಸಗಣಿ ಒಂದು ನಿಂಬೆಗಾತ್ರಕ್ಕೆ ಬಂದು ನಿಲ್ಲುತ್ತದೆ. ಇನ್ನು ಅದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಬಹುದೋ ಬಾರದೋ ಎಂಬ ಪ್ರಶ್ನೆ. ಕ್ರಿ.ಶ. 1025ರ ಸುಮಾರಿಗೆ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದವನ್ನೂ ವಿವರಿಸಿದ್ದಾನೆ. ಗಿಡಕ್ಕೆ ಏನು ಉಣಿಸಬೇಕೆಂದು ಕನ್ನಡದಲ್ಲಿ ಓದಲು ಸಿಗತೊಡಗಿ ಹೀಗೆ ಸಾವಿರ ವರ್ಷವಾಯಿತು. ತಕ್ಕಡಿ ಯಾರದ್ದು ಎಂಬುದೊಂದು ಇತ್ಯರ್ಥವಾಗಿಲ್ಲ.

ಉಪನ್ಯಾಸದ ಮಾತಿಗೆ ಬಂದರೆ, ವಿಷಯ ಯಾವುದೇ ಇರಲಿ ಅದು ಹಿಟ್ಟು ತಿಗಣೆಯಲ್ಲಿ ಮುಗಿಯುತ್ತದೆ. ಇದು ಅಪವಾದವಿಲ್ಲದ ನಿಯಮ. ವಿಜ್ಞಾನಿಯೊಬ್ಬರು ಬಂದು ನಿಜಕ್ಕೂ ಅದ್ಭುತವಾದ ಕತೆ ಹೇಳುತ್ತಾರೆ. 2008ರಲ್ಲಿ ತಮಿಳುನಾಡಿನ ಕಡೆ ಕಾಣಿಸಿಕೊಂಡ ಪರಂಗಿಯ ಹಿಟ್ಟು ತಿಗಣೆ ಪರಂಗಿ, ಹಿಪ್ಪುನೇರಳೆ, ಮರಗೆಣಸು ಎಲ್ಲವನ್ನೂ ಬಿಳಿಯ ಬೂಷ್ಟಿನಲ್ಲಿ ಮುಳುಗಿಸಿತು, ಔಷಧಿಗೆ ಜಗ್ಗಲಿಲ್ಲ. ನಮ್ಮ ಹೆಬ್ಬಾಳದ ಕೀಟ ಸಂಸ್ಥೆ 2010ರಲ್ಲಿ ಪೋರ್ಟೊರಿಕೊದಿಂದ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜಗಳನ್ನು ತರಿಸಿ, ಸಾಕಿ, ಊರೂರಿಗೆ ಹಂಚಿತು. ಕಣಜ ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಒಳಗಿನಿಂದಲೇ ತಿಂದು ಮುಗಿಸಿತು. ಒಂದು ಲೀಟರ್ ವಿಷವಿಲ್ಲದೆ ತೋಟಗಳು ಉಳಿದವು. ಇಷ್ಟು ಹೇಳಿ ಅವರು ನೀರು ಕುಡಿಯುವಷ್ಟರಲ್ಲಿ ಮೂರನೇ ಸಾಲಿನಿಂದ ಕೈ ಏಳುತ್ತದೆ. “ಸಾರ್, ಆ ಕಣಜ ಎಲ್ಲಿ ಸಿಗುತ್ತೆ? ನಮ್ಮ ದಾಸವಾಳಕ್ಕೆ ಒಂದೆರಡು ಬಿಡೋಣ ಅಂತ.” ನಿಮ್ಮ ದಾಸವಾಳದ ಮೇಲಿರುವುದು ಯಾವ ಜಾತಿಯ ತಿಗಣೆಯೋ ಮೊದಲು ನೋಡಬೇಕು, ಪ್ರತಿ ಕಣಜಕ್ಕೂ ತನ್ನದೇ ಬೇಟೆ ಗೊತ್ತಿರುತ್ತದೆ ಎಂದು ಅವರು ವಿವರಿಸಹೊರಟರೆ ಹಿಂದಿನ ಸಾಲಿನ ಅಜ್ಜಿ ತೀರ್ಪು ಕೊಟ್ಟಿರುತ್ತಾರೆ: “ಸೋಪಿನ ನೀರು ಹಾಕಿ ಹಳೇ ಟೂತ್ ಬ್ರಷ್‌ನಲ್ಲಿ ಉಜ್ಜಮ್ಮ, ಹೋಗತ್ತೆ.” ಹೋಗುತ್ತದೆ ಕೂಡ.

ಪ್ರಶ್ನೋತ್ತರವನ್ನು ಪ್ರತ್ಯೇಕವಾಗಿ ವಿಂಗಡಿಸಬೇಕಾಗುತ್ತದೆ. ಮೈಕಿನಲ್ಲಿ ಕೇಳುವ ಪ್ರಶ್ನೆಗಳು ಎರಡು ಬಗೆ: ಒಂದು, ಕೇಳುವವರ ಮನೆಯ ಒಂದೇ ಒಂದು ಗಿಡದ ಜಾತಕ, ಇನ್ನೊಂದು, ಪ್ರಶ್ನೆಯ ವೇಷದಲ್ಲಿರುವ ಭಾಷಣ. ನಿಜವಾದ ಪ್ರಶ್ನೆ ಕಾಫಿ ಲೋಟ ಹಿಡಿದು ಮೂಲೆಯಲ್ಲಿ ನಿಂತಾಗ, ತಗ್ಗಿದ ದನಿಯಲ್ಲಿ ಹುಟ್ಟುತ್ತದೆ. “ರೀ, ನಿಮ್ಮ ಬೆಂಡೆ ಎಲೆ ಹಳದಿ ಆಗ್ಲಿಲ್ವಾ?” ಉತ್ತರ ಅಲ್ಲೇ ಸಿಗುತ್ತದೆ, ವಿಜ್ಞಾನಿಯಿಂದಲ್ಲ, ಪಕ್ಕದ ಬೀದಿಯವರಿಂದ: ಎಲೆಯ ನರ ಹಳದಿಯಾಗುವ ಆ ರೋಗಕ್ಕೆ ಮದ್ದಿಲ್ಲ, ಹಬ್ಬಿಸುವುದು ಬಿಳಿನೊಣ, ಗಿಡ ಕಿತ್ತುಹಾಕಿ ಮುಂದಿನ ಸಲ ಅರ್ಕಾ ಅನಾಮಿಕ ಬೀಜ ಹಾಕಿ. ಓಷಧಿ ವರ್ಗದ ಕಾರ್ಯಕ್ರಮದಿಂದ ಹೊರಬಿದ್ದ ಕೈಚೀಲದಲ್ಲಿ ಕರಪತ್ರವೊಂದು ಇರುತ್ತದೆ. ಅದು ಮುಂದಿನ ತಿಂಗಳ ಹೊತ್ತಿಗೆ ಬೀಜ ಒಣಗಿಸುವ ಹಾಳೆಯಾಗುತ್ತದೆ.

ಎರಡನೆಯದನ್ನು ಪುಷ್ಪವರ್ಗ ಎನ್ನೋಣ. ಬರೀ ಹೂವು, ಹಣ್ಣಿಲ್ಲ. ಇದಕ್ಕೆ ಮನುವಿನಲ್ಲಿ ಸ್ಥಾನವಿಲ್ಲ. ಉದ್ಘಾಟನೆ, ಸನ್ಮಾನ, ಜೂನ್ 5ರ ಪರಿಸರ ದಿನ, 1950ರಲ್ಲಿ ಕೆ.ಎಂ. ಮುನ್ಷಿ ಆರಂಭಿಸಿದ ವನಮಹೋತ್ಸವದ ಸ್ಥಳೀಯ ಆವೃತ್ತಿ ಇವು ಉದಾಹರಣೆಗಳು. ಲಕ್ಷಣ: ಫ್ಲೆಕ್ಸು, ಮೈಸೂರು ಪೇಟ, ಪಾರ್ಕಿನ ಮೂಲೆಯಲ್ಲಿ ಹೋದ ವರ್ಷದ್ದೇ ಗುಂಡಿ. ಕೈಚೀಲದಲ್ಲಿ ಶಾಲು. ಹೆಚ್ಚು ಹೇಳುವಂಥದ್ದಿಲ್ಲ.

ವಲ್ಲಿ ವರ್ಗ ಹಾಗಲ್ಲ. ಪ್ರವಾಸಗಳೆಲ್ಲ ಇದರಲ್ಲಿ ಬರುತ್ತವೆ. ಬಳ್ಳಿಗೆ ಸ್ವಂತ ಬಲದ ಮೇಲೆ ನಿಲ್ಲುವ ಕಾಂಡವಿಲ್ಲ, ಆಸರೆ ಬೇಕು. ಸಂಘದ ಪ್ರವಾಸಕ್ಕೂ ಅಷ್ಟೆ. ಬರೀ ಗಿಡ ನೋಡಲು ಹೊರಟ ಟಿಟಿ ಬೆಂಗಳೂರಿನ ಇತಿಹಾಸದಲ್ಲಿಲ್ಲ. ಕಾರ್ಯದರ್ಶಿಗಳ ಮನಸ್ಸಿನಲ್ಲಿ ಬಿ.ಜಿ.ಎಲ್. ಸ್ವಾಮಿಯವರಿರುತ್ತಾರೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡುಮೇಡು ಸುತ್ತಿದ ಕಥನ ‘ಹಸಿರು ಹೊನ್ನು’ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು ಅವರಿಗೆ ಬಾಯಿಪಾಠ. ಆದರೆ ಸ್ವಾಮಿಯವರ ಜತೆ ಹೋದವರು ಕಾಲೇಜು ಹುಡುಗರು, ಅವರಿಗೆ ಮಂಡಿ ಇದ್ದವು. ಇಲ್ಲಿ ಶೌಚಾಲಯ ಇರುವ ಹೋಟೆಲು ಎಲ್ಲಿದೆ ಎಂಬುದೇ ಪ್ರವಾಸದ ಮಾರ್ಗವನ್ನು ನಿರ್ಧರಿಸುತ್ತದೆ.

ಇದರ ಉಪಭೇದಗಳಲ್ಲಿ ಅತಿ ಹಳೆಯದು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ, ವರ್ಷಕ್ಕೆ ಎರಡು ಸಲ: ಗಣರಾಜ್ಯೋತ್ಸವಕ್ಕೊಂದು, ಸ್ವಾತಂತ್ರ್ಯೋತ್ಸವಕ್ಕೊಂದು. ಊರಿನವರು ಗಾಜಿನ ಮನೆಯೊಳಗೆ ಹೂವಿನಲ್ಲಿ ಕಟ್ಟಿದ ಮಾದರಿಯ ಮುಂದೆ ಸೆಲ್ಫಿಗೆ ನೂಕಾಡುತ್ತಾರೆ. ಸಂಘದವರು ಅತ್ತ ಕಣ್ಣೂ ಹಾಯಿಸುವುದಿಲ್ಲ. 1889ರಲ್ಲಿ ಶಂಕುಸ್ಥಾಪನೆಯಾದ ಆ ಕಟ್ಟಡವನ್ನು ಅವರು ಹಿಂದಿನ ಸಲವೇ ನೋಡಿದ್ದಾರೆ. ಅವರ ನಡಿಗೆ ನೇರ ಸ್ಪರ್ಧೆಯ ಕಡೆಗೆ: ಇಕೆಬಾನ, ಬೋನ್ಸಾಯ್, ತರಕಾರಿ ಕೆತ್ತನೆ, ಮನೆತೋಟ. ಬಹುಮಾನದ ಚೀಟಿಯ ಮೇಲಿನ ಹೆಸರು ಓದಿ, ಆ ಪಾಟಿನ ಸೇವಂತಿಗೆಯನ್ನು ಮೂರು ದಿಕ್ಕಿನಿಂದ ಪರೀಕ್ಷಿಸಿ, “ಮಾಲಿ ಇಟ್ಟಿದಾರೆ ಬಿಡಿ” ಎಂದು ಮುಂದೆ ಸಾಗುತ್ತಾರೆ. ವಿಮರ್ಶಾಶಾಸ್ತ್ರದಲ್ಲಿ ಇದಕ್ಕಿಂತ ಚಿಕ್ಕ ವಾಕ್ಯದಲ್ಲಿ ಒಂದು ಕೃತಿಯನ್ನು ಮುಗಿಸಿದ ನಿದರ್ಶನ ನಮಗೆ ಕಂಡಿಲ್ಲ. ಕೊನೆಗೆ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯ ಮೇಲೆ ಕೂತು ಸುಸ್ತು ಕಳೆಯುತ್ತಾರೆ.

ಹೆಸರಘಟ್ಟದ ಪ್ರವಾಸಕ್ಕೆ ಶಿಸ್ತು ಹೆಚ್ಚು. 1967ರಲ್ಲಿ ಸ್ಥಾಪನೆಯಾಗಿ ಈಗ ಅಲ್ಲಿರುವ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕಾ ಎಂಬ ಹೆಸರಿನ ತಳಿಗಳ ತವರು. ಎಲೆಮುದುಡು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯುವ ಅರ್ಕಾ ರಕ್ಷಕ್ ಟೊಮೆಟೊದ ಮುಂದೆ ನಮ್ಮ ಸದಸ್ಯರು ನಿಲ್ಲುವ ಭಂಗಿಯನ್ನು ತಿರುಪತಿಯಲ್ಲಿ ಮಾತ್ರ ಕಾಣಬಹುದು. ಬೀಜ ಮಾರುವ ಕಿಟಕಿ ತೆರೆದಾಗ ಶಿಸ್ತು ಮುಗಿಯುತ್ತದೆ.

ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು ಇನ್ನೊಂದು ಉಪಭೇದ. 54 ಎಕರೆಯ ಈ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಒಳಗಿನ ತಿರುಳೆಲ್ಲ ಹೋಗಿ ಪೊಟರೆಯಾಗಿ, ತಿರುಚಿ, ನೆಲಕ್ಕೊರಗಿ, ಒರಗಿದಲ್ಲೇ ಮತ್ತೆ ಬೇರು ಬಿಟ್ಟು ಎದ್ದ ಮರಗಳನ್ನು ನೋಡಿದರೆ ಎಂಥ ಮಾತುಗಾರರೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆಮೇಲೆ ಒಬ್ಬರು ಕೇಳುತ್ತಾರೆ: “ಇದು 18 ಇಂಚಿನ ಪಾಟಲ್ಲಿ ಬರುತ್ತಾ ಮೇಡಂ?” ಅಲ್ಲಿಂದ ದೇವನಹಳ್ಳಿಗೆ ಬಂದು ಚಕೋತ ಕೊಳ್ಳದೆ ಟಿಟಿ ಕದಲುವುದಿಲ್ಲ. ರಾಮೋಹಳ್ಳಿ ಕಡೆಯ ದೊಡ್ಡಾಲದ ಮರಕ್ಕೆ ಹೋದರೆ ಮುಕ್ತಿನಾಗನ ದರ್ಶನ ಕಡ್ಡಾಯ. ಬಳ್ಳಿಗೆ ಆಸರೆ ಎಂದದ್ದು ಇದನ್ನೇ. ಮೂರು ಎಕರೆ ಹಬ್ಬಿರುವ ಆ ಆಲದ ಮೂಲಕಾಂಡ ಎಂದೋ ಅಳಿದಿದೆ, ಈಗ ಮರವಾಗಿ ನಿಂತಿರುವುದು ಬಿಳಲುಗಳು ಎಂದು ಯಾರೋ ವಿವರಿಸಿದಾಗ ಸಂಸ್ಥಾಪಕ ಅಧ್ಯಕ್ಷರು ಕೋತಿಗಳ ಕಡೆ ನೋಡುತ್ತ ನಿಂತಿದ್ದರು.

ಎಲ್ಲ ಪ್ರವಾಸಗಳಿಗೂ ಸಮಾನವಾದ ಒಂದು ಅಂತ್ಯವಿದೆ: ಸಿದ್ದಾಪುರದ ನರ್ಸರಿಗಳು. ಬೆಳಿಗ್ಗೆಯಿಂದ “ನಾನು ಏನೂ ತಗೊಳಲ್ಲಪ್ಪ, ಜಾಗ ಇಲ್ಲ” ಎಂದವರೇ ಮೊದಲು ಇಳಿಯುತ್ತಾರೆ. ಡ್ರೈವರ್ ಹಾರ್ನ್ ಹೊಡೆದೂ ಹೊಡೆದೂ ಕೊನೆಗೆ ತಾನೇ ಇಳಿದು ಹೋಗಿ ಒಂದು ಕರಿಬೇವಿನ ಸಸಿ ಕೊಂಡು ಬರುತ್ತಾನೆ. ಬರುವಾಗ ಕಾಲಿಡಲು ಜಾಗವಿರುವುದಿಲ್ಲ. ಬಾಳೆಯ ಕಂದೊಂದು ಖಜಾಂಚಿಗಳ ಪಕ್ಕದ ಸೀಟಿನಲ್ಲಿ, ಟಿಕೆಟ್ಟಿಲ್ಲದೆ.

ವೃಕ್ಷ ವರ್ಗದಲ್ಲಿ ಹೂವೂ ಉಂಟು, ಹಣ್ಣೂ ಉಂಟು. ವರ್ಷಕ್ಕೊಮ್ಮೆ ಸದಸ್ಯರು ಗುಂಪಾಗಿ ಒಬ್ಬರ ಮನೆಯಿಂದ ಒಬ್ಬರ ಮನೆಗೆ ಹೋಗಿ ತಾರಸಿ ನೋಡುವ ‘ತೋಟ ದರ್ಶನ’ ಇದರ ಏಕೈಕ ಪ್ರಭೇದ. ಆತಿಥೇಯರ ಮನೆಯಲ್ಲಿ ಇದಕ್ಕೆ ಮದುವೆಯ ಸಡಗರ: ಪಾಟುಗಳಿಗೆ ಕೆಮ್ಮಣ್ಣು, ಹಣ್ಣೆಲೆಗಳಿಗೆ ಕತ್ತರಿ, ಸೊರಗಿದ ಗಿಡಗಳಿಗೆ ಟ್ಯಾಂಕಿನ ಹಿಂದೆ ವನವಾಸ. ಹಿಂದಿನ ದಿನ ನರ್ಸರಿಯಿಂದ ತಂದ ಪಿಟೂನಿಯಾ, ತಾನು ಹುಟ್ಟಿದ್ದೇ ಇಲ್ಲಿ ಎಂಬ ಮುಖ ಮಾಡಿಕೊಂಡು ನಿಂತಿರುತ್ತದೆ. ಬಂದವರು ಹೂವನ್ನು ಹೊಗಳುತ್ತ ಬೆರಳಲ್ಲಿ ಎಲೆಯನ್ನು ಮಗುಚಿ ಅಡಿಭಾಗ ನೋಡುತ್ತಾರೆ. ಇದು ಶಿಷ್ಟಾಚಾರದ ಉಲ್ಲಂಘನೆಯಲ್ಲ, ಪ್ರತ್ಯಕ್ಷ ಪ್ರಮಾಣದ ಪರಿಶೀಲನೆ.

“ಏನ್ ಹಾಕ್ತೀರ್ರೀ ಇದಕ್ಕೆ?”

“ಅಯ್ಯೋ, ಏನೂ ಇಲ್ಲ. ಬರೀ ನೀರು.”

ಕನ್ನಡ ನಾಡಿನ ತಾರಸಿಗಳಲ್ಲಿ ಇಷ್ಟು ಸಲ ಹೇಳಲ್ಪಟ್ಟ, ಇಷ್ಟು ಸುಲಭವಾಗಿ ಅಲ್ಲಗಳೆಯಬಹುದಾದ ಸುಳ್ಳು ಇನ್ನೊಂದಿಲ್ಲ. ಮೆಟ್ಟಿಲ ಕೆಳಗೆ ಬೇವಿನ ಹಿಂಡಿಯ ಮೂಟೆ ಇರುತ್ತದೆ, ಮೂಗೇ ಸಾಕ್ಷಿ. ಆದರೆ ಇದೇ ಆತಿಥೇಯರು ಬೀಳ್ಕೊಡುವಾಗ ಪ್ರತಿಯೊಬ್ಬರ ಚೀಲಕ್ಕೂ ಒಂದು ಕಡ್ಡಿ, ಒಂದು ಗೆಡ್ಡೆ, ಹಿಡಿ ದೊಡ್ಡಪತ್ರೆ ತುರುಕುತ್ತಾರೆ. ಗುಟ್ಟು ಕೊಡದವರು ಗಿಡ ಕೊಡುತ್ತಾರೆ.

ಇಲ್ಲಿಗೆ ವನಸ್ಪತಿ ವರ್ಗದ ಬಾಗಿಲಿಗೆ ಬಂದೆವು. ಹೂವಿಲ್ಲದೆ ಹಣ್ಣಾಗುವುದು ಇದರ ಲಕ್ಷಣ. ಆಹ್ವಾನ ಪತ್ರಿಕೆಯಿಲ್ಲ, ಅಧ್ಯಕ್ಷರಿಲ್ಲ, ವರದಿ ಪುಸ್ತಕದಲ್ಲಿ ಉಲ್ಲೇಖವಿಲ್ಲ. ಸಭೆ ಮುಗಿದ ಮೇಲೆ ಚಪ್ಪಲಿ ಹುಡುಕುವ ಹೊತ್ತಿನಲ್ಲಿ ಇದು ನಡೆಯುತ್ತದೆ. ಉದ್ಭಿಜ್ಜಗಳು ಬೀಜದಿಂದಲೂ ಹುಟ್ಟುತ್ತವೆ, ಕಾಂಡದಿಂದಲೂ ಹುಟ್ಟುತ್ತವೆ ಎಂದಿದೆ ಮನುಸ್ಮೃತಿ. ವಿನಿಮಯವೂ ಆ ಎರಡೇ ಬಗೆ. ಕಾಂಡದ್ದು ಸುಲಭ: ಒದ್ದೆ ಪೇಪರಿನಲ್ಲಿ ಸುತ್ತಿದ ಮಲ್ಲಿಗೆ, ದಾಸವಾಳ, ಬಸಳೆ. ತಾಯಿಗಿಡ ಹೇಗೋ ಮಗುವೂ ಹಾಗೆ. ಬೀಜದ್ದು ವಿಶ್ವಾಸದ ವ್ಯವಹಾರ. ಒಬ್ಬರು ಬೆಳೆದ ಅರ್ಕಾ ರಕ್ಷಕ್ ಟೊಮೆಟೊ ಸೊಂಪಾಗಿ ಬಂತೆಂದು ಅದರ ಬೀಜ ಒಣಗಿಸಿ ಇಡೀ ಸಂಘಕ್ಕೆ ಹಂಚಿದರೆನ್ನಿ. ಅದು ಎಫ್-ಒನ್ ಸಂಕರ. ಎರಡು ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ. ಮುಂದಿನ ಪೀಳಿಗೆಯಲ್ಲಿ ಅಜ್ಜ ಅಜ್ಜಿಯರ ಗುಣಗಳು ಚೆದುರಿ, ಒಂದು ಗಿಡ ಎತ್ತರ, ಒಂದು ಗಿಡ ಗಿಡ್ಡ, ಒಂದರಲ್ಲಿ ಗೋಲಿಯಂಥ ಕಾಯಿ, ರೋಗನಿರೋಧಕ ಶಕ್ತಿ ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ. ನಾಲ್ಕು ತಿಂಗಳ ಬಳಿಕ ಅದೇ ಚಪ್ಪಲಿ ಮೂಲೆಯಲ್ಲಿ ವಿಚಾರಣೆ. ನಾಟಿ ಬದನೆ, ಚಪ್ಪರದವರೆ, ಹೀರೆ, ದಂಟಿನ ಸೊಪ್ಪಿನ ಬೀಜ ಕೊಟ್ಟವರ ಮೇಲೆ ಇಂಥ ದೂರು ಬರುವುದು ಅಪರೂಪ. ಬಂದರೂ ಅದು ಪಕ್ಕದ ತಾರಸಿಯ ಜೇನುಹುಳದ ಕಿತಾಪತಿ.

ಈ ವರ್ಗದ ಮೂಲಪುರುಷ ಯಾರೆಂದು ಕೇಳಿದರೆ ನಾವು ಲಾಲ್‌ಬಾಗಿನ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರಾನ್‌ನನ್ನು ತೋರಿಸುತ್ತೇವೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸೀಮೆಬದನೆಯನ್ನು ಬೆಂಗಳೂರಿಗೆ ತಂದವನು ಅವನು. ಮೆಕ್ಸಿಕೋ ಕಡೆಯ ಈ ಬಳ್ಳಿ ಎಷ್ಟು ಒಗ್ಗಿತೆಂದರೆ ತಮಿಳರು ಅದನ್ನು ಬೆಂಗಳೂರು ಕತ್ತರಿಕಾಯಿ ಎಂದೇ ಕರೆಯುತ್ತಾರೆ. ಅದರ ಬೀಜ ಬಿಡಿಸಿ ಪೊಟ್ಟಣ ಕಟ್ಟುವಂತಿಲ್ಲ. ಕಾಯಿಗೆ ಒಂದೇ ಬೀಜ, ಅದು ಕಾಯಿಯೊಳಗೇ ಮೊಳೆಯುತ್ತದೆ, ಇಡೀ ಕಾಯನ್ನೇ ನೆಡಬೇಕು. ಅಂದರೆ ಸಾಗುವಳಿ ಬಲ್ಲವರೊಬ್ಬರು ಒಂದು ಸಾಂಬಾರನ್ನು ಬಿಟ್ಟುಕೊಟ್ಟರೆ ಮಾತ್ರ ಇನ್ನೊಬ್ಬರ ಮನೆಯಲ್ಲಿ ಚಪ್ಪರ.

ಸಂಕೀರ್ಣ ವರ್ಗಗಳನ್ನೂ ಹೇಳಿಬಿಡಬೇಕು. ಬಂದಳಿಕೆ ವರ್ಗವೆಂದರೆ ಬೇರೊಬ್ಬರ ಕಾರ್ಯಕ್ರಮದ ಮೇಲೆ ಬೇರೂರಿ ರಸ ಹೀರುವುದು: ‘ಉಚಿತ ಮಾಹಿತಿ ಶಿಬಿರ’, ಕೊನೆಯಲ್ಲಿ ಬಾಟಲಿ ಮಾರಾಟ. ಸ್ತೇಯ ವರ್ಗದ್ದು ಏಕಾಂಗಿ ಕಾರ್ಯಕ್ರಮ, ಬೆಳಗಿನ ವಾಕಿಂಗಿನ ಹೊತ್ತು. ಕದ್ದ ಮನಿಪ್ಲಾಂಟು ಚೆನ್ನಾಗಿ ಬರುತ್ತದೆಂಬ ನಂಬಿಕೆಯೇ ಅದಕ್ಕೆ ಶ್ರುತಿಪ್ರಮಾಣ.

ನಿಶಾ ವರ್ಗಕ್ಕೆ ಮಾತ್ರ ನಾವು ತಲೆಬಾಗುತ್ತೇವೆ. ಮಳೆಗಾಲದ ಯಾವುದೋ ರಾತ್ರಿ ಹತ್ತರ ಸುಮಾರಿಗೆ ಫೋನು: “ಆಂಟಿ, ಬ್ರಹ್ಮಕಮಲ ಬಿಡ್ತಾ ಇದೆ, ಬನ್ನಿ.” ಸಸ್ಯಶಾಸ್ತ್ರಜ್ಞರ ಪ್ರಕಾರ ಅದು ಬ್ರಹ್ಮಕಮಲವೂ ಅಲ್ಲ, ಕಮಲವೂ ಅಲ್ಲ, ಅಮೆರಿಕ ಖಂಡದಿಂದ ಬಂದ ಕಳ್ಳಿ. ಹಿಮಾಲಯದ ಬ್ರಹ್ಮಕಮಲಕ್ಕೂ ಇದಕ್ಕೂ ಸುತರಾಂ ಸಂಬಂಧವಿಲ್ಲ. ಈ ವಿಷಯವನ್ನು ಆ ಹೊತ್ತಿನಲ್ಲಿ ಎತ್ತಿದವರಿಗೆ ಬಾದಾಮಿ ಹಾಲು ಸಿಗುವುದಿಲ್ಲ. ನೈಟಿಯ ಮೇಲೆ ಶಾಲು ಹೊದ್ದ ಬೀದಿಯೆಲ್ಲ ಮೆಟ್ಟಿಲೇರುತ್ತದೆ, ಯಾರೋ ಕುಂಕುಮವಿಟ್ಟು ಆರತಿ ಎತ್ತುತ್ತಾರೆ, ಬೆಳಗಾಗುವಷ್ಟರಲ್ಲಿ ಹೂ ಜೋತುಬಿದ್ದಿರುತ್ತದೆ. ಬಂದವರ ಕೈಯಲ್ಲಿ ಒಂದೊಂದು ಎಲೆ, ನೆಡಲು.

ಇನ್ನು ನಿರ್ಣಯ. ಕೈಚೀಲದ ಪ್ರಮಾಣದಿಂದ ನೋಡಿದರೆ ವನಸ್ಪತಿ ವರ್ಗವೇ ಶ್ರೇಷ್ಠ. ಉಳಿದ ವರ್ಗಗಳು ಜನ ಒಂದೆಡೆ ಚಪ್ಪಲಿ ಬಿಡಲು ಒದಗಿಸುವ ನೆಪಗಳು. ಉಪನ್ಯಾಸ ನಿಲ್ಲಿಸಬೇಕೆಂದು ಇದರ ಅರ್ಥವಲ್ಲ, ನೆಪವಿಲ್ಲದೆ ನಮ್ಮವರು ಮನೆ ಬಿಟ್ಟು ಹೊರಡುವುದಿಲ್ಲ. ಓದುಗರಲ್ಲಿ ಒಂದೇ ಕೋರಿಕೆ: ಮುಂದಿನ ಸಭೆಗೆ ಬೀಜ ತರುವವರು ದಯವಿಟ್ಟು ಕವರಿನ ಮೇಲೆ ಗಿಡದ ಹೆಸರು, ಬೀಜ ತೆಗೆದ ತಿಂಗಳು ಬರೆಯಿರಿ, ಎಫ್-ಒನ್ ಗಿಡದ್ದಾದರೆ ಅದನ್ನೂ ಬರೆಯಿರಿ. ಹೆಸರಿಲ್ಲದ ಪೊಟ್ಟಣಗಳು ಕಾರ್ಯದರ್ಶಿಗಳ ಮನೆಯ ಫ್ರಿಜ್ಜಿನಲ್ಲಿ ಈಗಾಗಲೇ ಒಂದು ಡಬ್ಬಿ ತುಂಬ ಇವೆ.